ಬೌದ್ಧರ ಪುನರ್ಜನ್ಮ ಮತ್ತು ಬೈಲಕುಪ್ಪೆಯ ಖಾಲಿ ಪೀಠ



ನಮ್ಮ ಸೋಮಂದೇಪಲ್ಲಿಯ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಸಂತೆಯಲ್ಲಿ ತೆಲುಗು ಆಡುವವರು ಬಹಳ ಮಂದಿ. ಆಡುವ ಮಾತು ಯಾವುದಾದರೂ ಇರಲಿ, 'ಜನ್ಮ' ಎಂಬ ಶಬ್ದವಿಲ್ಲದೆ ನಮಗೆ ಸುಖವನ್ನೂ ಹೇಳಲು ಬರುವುದಿಲ್ಲ, ದುಃಖವನ್ನೂ ಹೇಳಲು ಬರುವುದಿಲ್ಲ. ಮನೆಗೆ ಒಳ್ಳೆಯ ಸೊಸೆ ಬಂದರೆ 'ಯಾವ ಜನ್ಮದ ಪುಣ್ಯವೋ' ಎನ್ನುತ್ತೇವೆ. ಮಳೆ ಕೈಕೊಟ್ಟು ಕಡಲೆಕಾಯಿ ಗಿಡ ಒಣಗಿದರೆ 'ಪೋಯಿನ ಜನ್ಮಲೋ ಏಂ ಪಾಪಂ ಚೇಸಿನಾಮೋ' ಎಂದು ನಿಟ್ಟುಸಿರು ಬಿಡುತ್ತೇವೆ. ತಾತ ತೀರಿಕೊಂಡ ವರ್ಷದೊಳಗೆ ಗಂಡುಮಗು ಹುಟ್ಟಿದರೆ ತಾತನೇ ತಿರುಗಿ ಬಂದನೆಂದು ಅವನ ಹೆಸರನ್ನೇ ಇಡುತ್ತೇವೆ. ಸಾಲ ವಸೂಲಾಗದೆ ಹೋದರೂ 'ಹಿಂದಿನ ಜನ್ಮದ ಋಣ, ತೀರಿತು ಬಿಡು' ಎಂದು ಸಮಾಧಾನ ಮಾಡಿಕೊಳ್ಳುವವರು ನಮ್ಮಲ್ಲಿದ್ದಾರೆ.

ಹೀಗಿರುವಾಗ ಬೌದ್ಧರೂ ಪುನರ್ಜನ್ಮವನ್ನು ನಂಬುತ್ತಾರೆ ಎಂದರೆ ನಮಗೆ ಅಚ್ಚರಿಯೇನೂ ಆಗುವುದಿಲ್ಲ. ಆದರೆ ಅವರ ನಂಬಿಕೆ ನಮ್ಮದರಂತೆಯೇ ಇಲ್ಲ. ಅದಕ್ಕೆ ಬೇರೆಯೇ ಒಂದು ಇತಿಹಾಸವಿದೆ. ಆ ಇತಿಹಾಸದ ಒಂದು ತುದಿ ಕಲ್ಯಾಣದುರ್ಗ, ರಾಯದುರ್ಗಗಳ ಆಚೆ ಬಂಡೆಯ ಮೇಲಿದೆ. ಇನ್ನೊಂದು ತುದಿ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ಒಂದು ಖಾಲಿ ಪೀಠದ ಮುಂದೆ ನಿಂತಿದೆ. ಇಂದಿನ ಮಾತು ಅದನ್ನು ಕುರಿತದ್ದು.

ಮೊದಲು ನಂಬಿಕೆಯ ತಿರುಳನ್ನು ತಿಳಿಯೋಣ. ಹಿಂದೂಗಳಲ್ಲಿ ಆತ್ಮವು ನಿತ್ಯ. ಅದು ಒಂದು ದೇಹವನ್ನು ಬಿಟ್ಟು ಇನ್ನೊಂದನ್ನು ಸೇರುತ್ತದೆ. ಜೈನರಲ್ಲಿ ಜೀವಕ್ಕೆ ಕರ್ಮವು ಧೂಳಿನಂತೆ ಅಂಟಿಕೊಂಡು ಅದನ್ನು ಭವದಿಂದ ಭವಕ್ಕೆ ಎಳೆದಾಡುತ್ತದೆ. 1209ರಲ್ಲಿ ಜನ್ನ ಕವಿ ಬರೆದ 'ಯಶೋಧರ ಚರಿತೆ'ಯಲ್ಲಿ ಹಿಟ್ಟಿನ ಕೋಳಿಯನ್ನು ಬಲಿ ಕೊಟ್ಟ ಸಂಕಲ್ಪಕ್ಕಾಗಿಯೇ ರಾಜನೂ ಅವನ ತಾಯಿಯೂ ಪ್ರಾಣಿಗಳಾಗಿ ಮತ್ತೆ ಮತ್ತೆ ಹುಟ್ಟಿ ನೋಯುತ್ತಾರೆ. ಕನ್ನಡಿಗರಿಗೆ ಈ ಎರಡೂ ಹಳೆಯ ಪರಿಚಯ.

ಬುದ್ಧ ಹೇಳಿದ್ದು ಮೂರನೆಯ ಬಗೆ. ಮನುಷ್ಯನೆಂದರೆ ರೂಪ, ವೇದನೆ, ಸಂಜ್ಞೆ, ಸಂಸ್ಕಾರ, ವಿಜ್ಞಾನ ಎಂಬ ಐದು ಸ್ಕಂಧಗಳ ಕಟ್ಟು. ಕಟ್ಟು ಬಿಚ್ಚಿದರೆ ಒಳಗೆ ಬದಲಾಗದೆ ಕುಳಿತ ಆತ್ಮವೆಂಬುದು ಸಿಗುವುದಿಲ್ಲ. ಹಾಗಾದರೆ ಮತ್ತೆ ಹುಟ್ಟುವುದು ಯಾರು? ಈ ಪ್ರಶ್ನೆ ನಮಗೆ ಮಾತ್ರವಲ್ಲ, ಕ್ರಿಸ್ತಪೂರ್ವ ಎರಡನೆಯ ಶತಮಾನದಲ್ಲಿ ವಾಯವ್ಯ ಭಾರತವನ್ನು ಆಳಿದ ಗ್ರೀಕ್ ರಾಜ ಮಿನಾಂಡರನಿಗೂ ಬಂತು. ಪಾಲಿ ಭಾಷೆಯ 'ಮಿಲಿಂದ ಪನ್ಹ' ಎಂಬ ಗ್ರಂಥದಲ್ಲಿ ಅವನ ಹೆಸರು ಮಿಲಿಂದ, ಉತ್ತರ ಕೊಡುವ ಭಿಕ್ಷು ನಾಗಸೇನ. ಸಂಜೆ ಹಚ್ಚಿದ ದೀಪ ಬೆಳಗಿನವರೆಗೆ ಉರಿದರೆ, ಸಂಜೆಯ ಜ್ವಾಲೆಯೂ ಬೆಳಗಿನ ಜ್ವಾಲೆಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ಒಂದರ ಆಧಾರದಿಂದ ಇನ್ನೊಂದು ಹತ್ತಿತು. ಹಾಲು ಮೊಸರಾಯಿತು, ಮೊಸರು ಬೆಣ್ಣೆಯಾಯಿತು. ಹಾಲೇ ಬೆಣ್ಣೆ ಎನ್ನಲಾಗದು, ಹಾಲಿಲ್ಲದೆ ಬೆಣ್ಣೆಯೂ ಇಲ್ಲ. ನಾಗಸೇನನ ವಾದದ ಬಗೆ ಇದು.

ಇನ್ನೊಂದು ಉಪಮೆ ನಮ್ಮ ತೋಟದವರಿಗೆ ಹಿಡಿಸೀತು. ಒಬ್ಬ ಇನ್ನೊಬ್ಬನ ಮಾವಿನ ಹಣ್ಣು ಕದ್ದ. ಹಿಡಿದು ತಂದಾಗ ಅವನೆಂದನಂತೆ, 'ಈತ ನೆಟ್ಟದ್ದು ಓಟೆ, ನಾನು ಕಿತ್ತದ್ದು ಹಣ್ಣು. ಅದು ಬೇರೆ, ಇದು ಬೇರೆ.' ರಾಜ ಒಪ್ಪುವನೇ? ಆ ಓಟೆಯಿಂದಲೇ ಈ ಹಣ್ಣು ಬಂದದ್ದು, ದಂಡ ತಪ್ಪದು. ಹಾಗೆಯೇ ಈ ಜನ್ಮದ ಕೆಲಸಕ್ಕೂ ಮುಂದಿನ ಜನ್ಮದ ಫಲಕ್ಕೂ ನಡುವೆ ಆತ್ಮವಿಲ್ಲದಿದ್ದರೂ ಸಂಬಂಧವಿದೆ.

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನು. ನನಗೆ ಇದು ಲೆಡ್ಜರಿನ ಭಾಷೆಯಲ್ಲಿ ಬೇಗ ತಿಳಿಯುತ್ತದೆ. ಕಂಪ್ಯೂಟರು ಬರುವ ಮುನ್ನ ದಪ್ಪ ದಪ್ಪ ಪುಸ್ತಕಗಳಲ್ಲಿ ಕೈಯಿಂದ ಲೆಕ್ಕ ಬರೆಯುತ್ತಿದ್ದೆವು. ಪುಟ ತುಂಬಿದಾಗ ಕೊನೆಯ ಶಿಲ್ಕನ್ನು ಹೊಸ ಪುಟದ ಮೊದಲ ಸಾಲಿಗೆ ಎತ್ತಿ ಬರೆಯುವುದು ಪದ್ಧತಿ. ಹಳೆಯ ಪುಟದಿಂದ ಹೊಸ ಪುಟಕ್ಕೆ ಕಾಗದದ ಚೂರು ಹೋಗುವುದಿಲ್ಲ, ಶಾಯಿಯ ಹನಿ ಹೋಗುವುದಿಲ್ಲ, ರೂಪಾಯಿಯಂತೂ ಹೋಗುವುದೇ ಇಲ್ಲ. ಆದರೂ ಹಳೆಯ ಪುಟದ ಕೊನೆಯ ಅಂಕಿಯೇ ಹೊಸ ಪುಟದ ಮೊದಲ ಅಂಕಿ. ಜಮೆ ಇದ್ದರೆ ಜಮೆ, ಸಾಲವಿದ್ದರೆ ಸಾಲ. ಬೌದ್ಧರ ಪುನರ್ಜನ್ಮ ಹೀಗೆ. ಒಂದು ವ್ಯತ್ಯಾಸವನ್ನು ಮಾತ್ರ ನೆನಪಿಡಬೇಕು. ಬ್ಯಾಂಕಿನ ಖಾತೆಯ ತಲೆಯ ಮೇಲೆ ಖಾತೆದಾರನ ಹೆಸರಿರುತ್ತದೆ. ಬೌದ್ಧರು ಆ ಹೆಸರನ್ನೂ ಶಾಶ್ವತವೆಂದು ಒಪ್ಪುವುದಿಲ್ಲ. ಲೆಕ್ಕ ಪೂರ್ತಿ ಚುಕ್ತಾ ಆಗಿ, ಮುಂದಕ್ಕೆ ಎತ್ತಿ ಬರೆಯಲು ಏನೂ ಉಳಿಯದಿರುವುದೇ ಅವರ ನಿರ್ವಾಣ.

ಈ ಧರ್ಮ ನಮ್ಮ ನೆಲಕ್ಕೆ ಹೊಸತಲ್ಲ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಮೌರ್ಯ ಚಕ್ರವರ್ತಿ ಅಶೋಕ ಬರೆಸಿದ ಶಾಸನಗಳು ನಮ್ಮ ಸುತ್ತಲೇ ಇವೆ. ಗಡಿಯಾಚೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ ಇವೆ. ಇತ್ತ ಗುತ್ತಿಯಿಂದ ಪತ್ತಿಕೊಂಡದ ಕಡೆಗೆ ಹೋಗುವಾಗ ಎರ್ರಗುಡಿ ಸಿಗುತ್ತದೆ. ಬ್ರಹ್ಮಗಿರಿಯ ಶಾಸನವನ್ನು 1892ರಲ್ಲಿ ಬಿ.ಎಲ್. ರೈಸ್ ಅವರು ಬೆಳಕಿಗೆ ತಂದರು. ಅದು ಸುವರ್ಣಗಿರಿಯಲ್ಲಿದ್ದ ರಾಜಕುಮಾರನ ಮೂಲಕ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಬಂದ ಆಜ್ಞೆ. ಬರೆದವನ ಹೆಸರು ಚಪಡ. ಅವನೂ ಒಬ್ಬ ಗುಮಾಸ್ತನೇ ಎಂದು ನಾನು ಹೆಮ್ಮೆಪಡುವುದುಂಟು!

ಆ ಶಾಸನದಲ್ಲಿ ಅಶೋಕ ಹೇಳಿಸಿರುವ ಮಾತಿನ ಸಾರ ಇಷ್ಟು: ಶ್ರದ್ಧೆಯಿಂದ ಪ್ರಯತ್ನಿಸಿದರೆ ದೊಡ್ಡವರು ಮಾತ್ರವಲ್ಲ, ಸಣ್ಣವರೂ ಸ್ವರ್ಗವನ್ನು ಪಡೆಯಬಲ್ಲರು. ತಂದೆತಾಯಿಯರ ಸೇವೆ, ಪ್ರಾಣಿಗಳಲ್ಲಿ ದಯೆ, ಸತ್ಯವಚನ, ಗುರುವಿನಲ್ಲಿ ಗೌರವ, ಇವೇ ಅದಕ್ಕೆ ದಾರಿ. ಎರ್ರಗುಡಿಯ ದೊಡ್ಡ ಶಾಸನಗಳಲ್ಲಿ 'ಈ ಲೋಕ' ಮತ್ತು 'ಪರಲೋಕ' ಎಂಬ ಜೋಡಿ ಮಾತು ಬರುತ್ತದೆ. ಗಮನಿಸಬೇಕಾದ ಸಂಗತಿಯೆಂದರೆ, ಅಶೋಕನ ಶಾಸನಗಳಲ್ಲಿ ನಿರ್ವಾಣದ ಪ್ರಸ್ತಾಪವಿಲ್ಲ, ಸ್ಕಂಧಗಳ ಚರ್ಚೆಯಿಲ್ಲ. ಮುಂದಿನ ಲೋಕ ಇವತ್ತಿನ ನಡತೆಯ ಮೇಲೆ ನಿಂತಿದೆ, ಅದು ಯಾವ ದರ್ಜೆಯವನಿಗೂ ತೆರೆದಿದೆ ಎಂಬಷ್ಟನ್ನೇ ಆತ ಜನರಿಗೆ ತಲುಪಿಸಿದ.

ಪುನರ್ಜನ್ಮವನ್ನು ಕಥೆಯಾಗಿ ಜನರ ಮನಸ್ಸಿನಲ್ಲಿ ನೆಡಿಸಿದ್ದು ಜಾತಕ ಕಥೆಗಳು. ಬುದ್ಧನ ಹಿಂದಿನ ಜನ್ಮಗಳನ್ನು ಹೇಳುವ ಇಂಥ ಕಥೆಗಳು ಪಾಲಿ ಸಂಗ್ರಹದಲ್ಲಿ 547 ಇವೆ. ಆತ ಆನೆಯಾಗಿದ್ದ, ಕೋತಿಯಾಗಿದ್ದ, ಜಿಂಕೆಯಾಗಿದ್ದ, ವರ್ತಕನಾಗಿದ್ದ. ಕಲಬುರಗಿ ಜಿಲ್ಲೆಯಲ್ಲಿ ಭೀಮಾ ನದಿಯ ದಂಡೆಯ ಸನ್ನತಿಯ ಬಳಿ ಕನಗನಹಳ್ಳಿ ಎಂಬಲ್ಲಿ ಪುರಾತತ್ತ್ವ ಇಲಾಖೆಯವರು 1990ರ ದಶಕದಲ್ಲಿ ಅಗೆದಾಗ ಒಂದು ಮಹಾಸ್ತೂಪ ಹೊರಬಂತು. ಅದರ ಕಲ್ಲುಹಲಗೆಗಳ ಮೇಲೆ ಜಾತಕ ಕಥೆಗಳ ಶಿಲ್ಪಗಳಿವೆ. 'ರಾಜ ಅಶೋಕ' ಎಂದು ಹೆಸರು ಕೆತ್ತಿದ ಚಿತ್ರವೂ ಸಿಕ್ಕಿತು. ಆಮೇಲೆ ಕ್ರಿಸ್ತಶಕ 968ರ ಕಾಲಕ್ಕೆ ಮಂಗಳೂರಿನ ಕದ್ರಿಯಲ್ಲಿ ಲೋಕೇಶ್ವರನ ಮೂರ್ತಿ ಸ್ಥಾಪನೆಯಾಯಿತು. 1095ರಲ್ಲಿ ಡಂಬಳದಲ್ಲಿ ತಾರಾದೇವಿಗೂ ವಿಹಾರಕ್ಕೂ ದಾನ ಸಂದಿತು. ಅಲ್ಲಿಂದ ಮುಂದೆ ಕನ್ನಡ ನಾಡಿನಲ್ಲಿ ಬೌದ್ಧರ ಸದ್ದು ಕ್ರಮೇಣ ಅಡಗಿಹೋಯಿತು.

ಅದು ಅಡಗಿದರೂ ಕರ್ಮದ ಮಾತು ಉಳಿಯಿತು. ಉಳಿದದ್ದು ಒಳ್ಳೆಯದಕ್ಕೂ ಆಯಿತು, ಕೆಟ್ಟದ್ದಕ್ಕೂ ಆಯಿತು. ಊರ ಹೊರಗಿನ ಕೇರಿಯವರು ಬಾವಿಯ ನೀರು ಕೇಳಿದಾಗ 'ನಿಮ್ಮ ಹಿಂದಿನ ಜನ್ಮದ ಕರ್ಮ' ಎಂದು ಬಾಯಿ ಮುಚ್ಚಿಸಿದ ಕಾಲವೊಂದಿತ್ತು. ಈ ಮಾತಿನ ಬುಡಕ್ಕೇ ಕೈ ಹಾಕಿದವರು ಡಾ. ಬಿ.ಆರ್. ಅಂಬೇಡ್ಕರ್. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಅವರು ಬೌದ್ಧ ಧರ್ಮವನ್ನು ಸ್ವೀಕರಿಸಿದರು. ಅವರ ನಿಧನದ ನಂತರ 1957ರಲ್ಲಿ ಪ್ರಕಟವಾದ 'ಬುದ್ಧ ಮತ್ತು ಆತನ ಧಮ್ಮ' ಗ್ರಂಥದಲ್ಲಿ ಆತ್ಮ ಒಂದು ದೇಹದಿಂದ ಇನ್ನೊಂದಕ್ಕೆ ಹೋಗುವುದನ್ನು ಅವರು ಒಪ್ಪಲಿಲ್ಲ. ದೇಹದ ಧಾತುಗಳು ಪ್ರಕೃತಿಯ ರಾಶಿಗೆ ಸೇರಿ ಮತ್ತೆ ಕೂಡುತ್ತವೆ, ಅಷ್ಟೇ ಎಂದರು. ಬಡವರ ಬಡತನಕ್ಕೆ ಅವರ ಹಿಂದಿನ ಜನ್ಮವೇ ಕಾರಣವೆನ್ನುವುದು ಸರ್ಕಾರವೂ ಸಮಾಜವೂ ತಮ್ಮ ಹೊಣೆಯಿಂದ ಜಾರಿಕೊಳ್ಳುವ ಉಪಾಯವೆಂಬುದು ಅವರ ವಾದದ ತಿರುಳು.

ಸಂಪ್ರದಾಯದ ಬೌದ್ಧರು ಇದನ್ನು ಪೂರ್ತಿ ಒಪ್ಪುವುದಿಲ್ಲ. ಬೋಧಿವೃಕ್ಷದ ಕೆಳಗೆ ಬುದ್ಧನಿಗೆ ತನ್ನ ಹಿಂದಿನ ಜನ್ಮಗಳೆಲ್ಲ ನೆನಪಾದುವೆಂದು ಪಾಲಿ ಗ್ರಂಥಗಳಲ್ಲಿದೆ ಎಂದು ಅವರು ತೋರಿಸುತ್ತಾರೆ. ಆದರೆ ಅದೇ ಪಾಲಿ ಗ್ರಂಥಗಳಲ್ಲಿ ಸಿವಕ ಎಂಬ ಪರಿವ್ರಾಜಕನಿಗೆ ಬುದ್ಧ ಕೊಟ್ಟ ಉತ್ತರವೂ ಇದೆ. ಮನುಷ್ಯನಿಗೆ ಆಗುವ ನೋವೆಲ್ಲ ಹಿಂದೆ ಮಾಡಿದ್ದರ ಫಲವೇ ಎಂದು ಸಿವಕ ಕೇಳುತ್ತಾನೆ. ಬುದ್ಧ ಎಂಟು ಕಾರಣಗಳನ್ನು ಹೇಳುತ್ತಾನೆ. ಪಿತ್ತ, ಕಫ, ವಾತ, ಈ ಮೂರೂ ಕೂಡಿದ ದೋಷ, ಋತುವಿನ ಬದಲಾವಣೆ, ದೇಹದ ಅಜಾಗರೂಕತೆ, ಹೊರಗಿನ ಪೆಟ್ಟು, ಕೊನೆಗೆ ಕರ್ಮದ ಫಲ. ಎಂಟರಲ್ಲಿ ಕರ್ಮ ಒಂದು ಮಾತ್ರ! ಆದ್ದರಿಂದ ಬಿಸಿಲಿನ ಬೇಗೆಗೆ ಹಾಸಿಗೆ ಹಿಡಿದವನಿಗೂ, ಹೊಡೆತ ತಿಂದವನಿಗೂ ಹಿಂದಿನ ಜನ್ಮದ ಲೆಕ್ಕ ತೆಗೆದು ತೋರಿಸುವುದು ಬೌದ್ಧರ ಮಾತಲ್ಲ.

ಇನ್ನು ಈ ನಂಬಿಕೆ ಎರಡನೆಯ ಸಲ ನಮ್ಮ ಕಡೆಗೆ ಬಂದ ಕಥೆ. ಅದಕ್ಕೆ ಹಿಮಾಲಯ ದಾಟಿ ಟಿಬೇಟಿಗೆ ಹೋಗಬೇಕು. ಭಾರತದಿಂದ ಬೌದ್ಧ ಧರ್ಮ ಅಲ್ಲಿಗೆ ಹೋಗಿ ದೊಡ್ಡ ದೊಡ್ಡ ಮಠಗಳು ಎದ್ದುವು. ಮಠವೆಂದ ಮೇಲೆ ಜಮೀನು, ದನಕರು, ಉಗ್ರಾಣ, ಶಿಷ್ಯವರ್ಗ ಎಲ್ಲವೂ ಇರುತ್ತವೆ. ಗುರು ಸನ್ಯಾಸಿಯಾದರೆ ಮಕ್ಕಳಿಲ್ಲ. ಅವನು ತೀರಿಕೊಂಡರೆ ಯಜಮಾನಿಕೆ ಯಾರಿಗೆ? ನಮ್ಮಲ್ಲಿ ಖಾತೆದಾರ ತೀರಿಕೊಂಡರೆ ನಾಮಿನಿ ಯಾರು, ವಾರಸುದಾರರು ಯಾರು ಎಂದು ಕೇಳುತ್ತೇವೆ. ಟಿಬೇಟಿಗರು ಕೊಟ್ಟ ಉತ್ತರ ಲೋಕದಲ್ಲೇ ಅಪೂರ್ವವಾದದ್ದು: ತೀರಿಕೊಂಡವನೇ ತನಗೆ ವಾರಸುದಾರ. ಅವನು ಮತ್ತೆ ಹುಟ್ಟಿ ಬರುತ್ತಾನೆ, ಹುಡುಕಿ ಕರೆತಂದು ಅದೇ ಪೀಠದಲ್ಲಿ ಕೂರಿಸಬೇಕು. ಹೀಗೆ ಬಂದವರನ್ನು ಟುಲ್ಕು ಎನ್ನುತ್ತಾರೆ. ಸಂಸ್ಕೃತದ 'ನಿರ್ಮಾಣಕಾಯ' ಎಂಬ ಮಾತಿಗೆ ಅದು ಟಿಬೇಟಿ ಶಬ್ದ. ಗುರುವಿನ ಮನೆ, ಆಸ್ತಿ, ಪರಿವಾರ ಸೇರಿ ಲಾಬ್ರಾಂಗ್ ಎನಿಸಿಕೊಳ್ಳುತ್ತದೆ. ಅದು ಜನ್ಮದಿಂದ ಜನ್ಮಕ್ಕೆ ಅವನದೇ.

ನಮ್ಮ ಜಿಲ್ಲೆಯವರಿಗೆ ಈ ಬಗೆಯ ಮಾತು ಪೂರ್ತಿ ಹೊಸತಲ್ಲ. 2022ರಲ್ಲಿ ರಚನೆಯಾದ ನಮ್ಮ ಜಿಲ್ಲೆಗೆ ಹೆಸರು ಕೊಟ್ಟ ಪುಟ್ಟಪರ್ತಿಯ ಸತ್ಯಸಾಯಿ ಬಾಬಾ ಅವರು 1918ರಲ್ಲಿ ನಿಧನರಾದ ಶಿರಡಿ ಬಾಬಾ ಅವರೇ ಮತ್ತೆ ಬಂದವರು ಎಂಬುದು ಭಕ್ತರ ನಂಬಿಕೆ. ಆದರೆ ನಾವು ಅದನ್ನು ಅವತಾರವೆಂದು ಕರೆಯುತ್ತೇವೆ. ಅವತಾರವೆಂದರೆ ದೇವರು ಕೆಳಗಿಳಿದು ಬರುವುದು. ಸಾಮಾನ್ಯರು ಕರ್ಮದ ದೂಡುವಿಕೆಯಿಂದ ಹುಟ್ಟುತ್ತಾರೆ. ಟುಲ್ಕು ಇವೆರಡಕ್ಕೂ ನಡುವಿನದು. ಹುಟ್ಟುಸಾವುಗಳಿಂದ ಬಿಡುಗಡೆ ಹೊಂದಬಹುದಾಗಿದ್ದರೂ, ಇತರರ ದುಃಖ ತೀರುವವರೆಗೆ ಮತ್ತೆ ಮತ್ತೆ ಬರುತ್ತೇನೆಂದು ವ್ರತ ತೊಟ್ಟವನು ಬೋಧಿಸತ್ವ. ಆ ವ್ರತದ ಬಲದಿಂದ ಹುಟ್ಟಿದವನೇ ಟುಲ್ಕು ಎಂದು ಟಿಬೇಟಿಗರು ನಂಬುತ್ತಾರೆ.

ಈ ಪದ್ಧತಿ ಮೊದಲು ನೆಲೆಗೊಂಡದ್ದು ಕರ್ಮಪ ಗುರುಗಳ ಪರಂಪರೆಯಲ್ಲಿ, ಹದಿಮೂರನೆಯ ಶತಮಾನದಲ್ಲಿ. ಅದರ ಅತ್ಯಂತ ಪ್ರಸಿದ್ಧ ರೂಪ ದಲೈ ಲಾಮಾ ಪೀಠ. 1578ರಲ್ಲಿ ಮಂಗೋಲ ದೊರೆ ಅಲ್ತಾನ್ ಖಾನ್ ಸೋನಮ್ ಗ್ಯಾತ್ಸೋ ಎಂಬ ಗುರುವಿಗೆ ಆ ಬಿರುದು ಕೊಟ್ಟ. ಅವರ ಹಿಂದಿನ ಇಬ್ಬರನ್ನೂ ಸೇರಿಸಿ ಅವರನ್ನು ಮೂರನೆಯವರೆಂದು ಎಣಿಸಿದರು. ಐದನೆಯ ದಲೈ ಲಾಮಾ 1642ರಲ್ಲಿ ರಾಜ್ಯಾಧಿಕಾರವನ್ನೂ ಪಡೆದರು. ಅಲ್ಲಿಂದ ಪುನರ್ಜನ್ಮವೆಂಬುದು ಮಠದ ವಿಷಯವಷ್ಟೇ ಆಗಿ ಉಳಿಯಲಿಲ್ಲ, ರಾಜಕಾರಣದ ವಿಷಯವೂ ಆಯಿತು. 1682ರಲ್ಲಿ ಐದನೆಯವರು ತೀರಿಕೊಂಡಾಗ ಮಂತ್ರಿಯು ಆ ಸುದ್ದಿಯನ್ನು ಸುಮಾರು 15 ವರ್ಷ ಮುಚ್ಚಿಟ್ಟ. ಒಂಬತ್ತನೆಯವರಿಂದ ಹನ್ನೆರಡನೆಯವರವರೆಗೆ ನಾಲ್ವರೂ 22 ತುಂಬುವ ಮೊದಲೇ ತೀರಿಕೊಂಡರು. ಮಗು ದೊಡ್ಡದಾಗುವವರೆಗೆ ಅಧಿಕಾರ ರಾಜಪ್ರತಿನಿಧಿಯ ಕೈಯಲ್ಲಿ. ಇದು ಈ ಪದ್ಧತಿಯ ದೊಡ್ಡ ಬಿರುಕು. 1793ರಲ್ಲಿ ಚೀನಾದ ಚಕ್ರವರ್ತಿ ಚಿಯೆನ್‌ಲುಂಗ್ ಒಂದು ಚಿನ್ನದ ಕಲಶ ಕಳುಹಿಸಿ, ಮಕ್ಕಳ ಹೆಸರಿನ ಚೀಟಿ ಹಾಕಿ ಎತ್ತಬೇಕೆಂದು ಕಟ್ಟಳೆ ಮಾಡಿದ. ಕೆಲವು ಸಲ ಅದು ನಡೆಯಿತು, ಕೆಲವು ಸಲ ನಡೆಯಲಿಲ್ಲ.

ಹುಡುಕುವುದು ಹೇಗೆ? ಹದಿಮೂರನೆಯ ದಲೈ ಲಾಮಾ 1933ರಲ್ಲಿ ತೀರಿಕೊಂಡರು. ದಕ್ಷಿಣಕ್ಕೆ ಮುಖಮಾಡಿ ಕೂರಿಸಿದ್ದ ಪಾರ್ಥಿವ ಶರೀರದ ತಲೆ ಈಶಾನ್ಯಕ್ಕೆ ತಿರುಗಿತ್ತೆಂದು ಹೇಳುತ್ತಾರೆ. 1935ರಲ್ಲಿ ರಾಜಪ್ರತಿನಿಧಿಯು ಲಾಮೋ ಲಾತ್ಸೋ ಎಂಬ ಪವಿತ್ರ ಸರೋವರದ ನೀರಿನಲ್ಲಿ ಮೂರು ಅಕ್ಷರಗಳನ್ನೂ ಒಂದು ಮನೆಯನ್ನೂ ಕಂಡರಂತೆ. ಆ ಗುರುತು ಹಿಡಿದು ಹೊರಟ ತಂಡ ಆಮ್ಡೋ ಪ್ರಾಂತ್ಯದ ತಕ್ಸೆರ್ ಎಂಬ ಹಳ್ಳಿಗೆ ಬಂತು. ತಂಡದ ಮುಖ್ಯಸ್ಥರು ಸೆರಾ ಮಠದ ಲಾಮಾ. ಅವರು ಆಳಿನ ವೇಷದಲ್ಲಿದ್ದರೂ ರೈತನ ಮನೆಯ ಮಗು ಅವರನ್ನು ಸೆರಾ ಲಾಮಾ ಎಂದು ಗುರುತಿಸಿ, ಅವರ ಕೊರಳಿನ ಜಪಮಾಲೆಯನ್ನು ಕೇಳಿತಂತೆ. ಆಮೇಲೆ ಜಪಮಾಲೆ, ಡಮರು, ಊರುಗೋಲುಗಳನ್ನು ಜೋಡಿ ಜೋಡಿಯಾಗಿ ಇಟ್ಟಾಗ ಹಿಂದಿನ ಗುರುವಿನದನ್ನೇ ಆರಿಸಿತಂತೆ. 1940ರ ಫೆಬ್ರುವರಿಯಲ್ಲಿ ಆ ಮಗುವಿಗೆ ಲಾಸಾದಲ್ಲಿ ಪಟ್ಟವಾಯಿತು. ಅವರೇ ಹದಿನಾಲ್ಕನೆಯ ದಲೈ ಲಾಮಾ. ನಂಬುವವರು ಇದನ್ನು ಪ್ರಮಾಣವೆನ್ನುತ್ತಾರೆ. ಆರಿಸಿದವರು ಹಿರಿಯರೇ ತಾನೆ ಎಂದು ಸಂದೇಹಿಸುವವರೂ ಇದ್ದಾರೆ. ಇತಿಹಾಸ ಓದುವವರು ಎರಡು ಮಾತನ್ನೂ ಕೇಳಿಸಿಕೊಳ್ಳಬೇಕು.

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಹಿಂದೆಯೇ ಸಾವಿರಾರು ನಿರಾಶ್ರಿತರು ಬಂದರು. ಅಂದಿನ ಮೈಸೂರು ರಾಜ್ಯ ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3000 ಎಕರೆ ಕೊಟ್ಟಿತು. 1960ರ ಕೊನೆಯಿಂದ 1961ರೊಳಗೆ ಮೊದಲ ತಂಡಗಳು ಅಲ್ಲಿಗೆ ಬಂದುವು. ಹಿಮದ ನಾಡಿನವರು ಸೆಖೆಯಲ್ಲಿ ಕಾಡು ಕಡಿದರು, ಆನೆಗಳ ಕಾಟ ಸಹಿಸಿದರು, ಮುಸುಕಿನ ಜೋಳ ಬೆಳೆದರು, ಸಹಕಾರ ಸಂಘ ಕಟ್ಟಿದರು. ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದ ಕಡೆಗಳಲ್ಲೂ ವಸತಿಗಳಾದುವು. ಟಿಬೇಟಿನಲ್ಲಿ ನಾಶವಾದ ಮಠಗಳು ಇಲ್ಲಿ ಅದೇ ಹೆಸರಿನಲ್ಲಿ ಮತ್ತೆ ಹುಟ್ಟಿದುವು. ಗಂಡೆನ್ ಮತ್ತು ದ್ರೆಪುಂಗ್ ಮುಂಡಗೋಡಿನಲ್ಲಿ, ಸೆರಾ ಬೈಲಕುಪ್ಪೆಯಲ್ಲಿ. ಮಠಗಳಿಗೂ ಪುನರ್ಜನ್ಮ ಬಂದಂತಾಯಿತು.

ಈ ನೆಲದಲ್ಲೇ ಟುಲ್ಕು ಪದ್ಧತಿ ಮುಂದುವರಿಯಿತು. ಪೆನೊರ್ ರಿಂಪೋಚೆ ಎಂಬ ಗುರುಗಳು 1963ರಲ್ಲಿ ಬೈಲಕುಪ್ಪೆಯಲ್ಲಿ ನಾಮ್‌ದ್ರೋಲಿಂಗ್ ಮಠವನ್ನು ಕಟ್ಟಲು ತೊಡಗಿದರು. ನಮ್ಮ ಶಾಲೆಯ ಮಕ್ಕಳು ಪ್ರವಾಸ ಹೋಗಿ 'ಗೋಲ್ಡನ್ ಟೆಂಪಲ್' ಎಂದು ನೋಡಿ ಬರುವುದು ಆ ಮಠದ ಗುಡಿಯನ್ನೇ. ಸುಮಾರು 60 ಅಡಿ ಎತ್ತರದ ಬುದ್ಧಮೂರ್ತಿಯಿರುವ ಆ ಗುಡಿ 1999ರಲ್ಲಿ ಉದ್ಘಾಟನೆಯಾಯಿತು. ಗುರುಗಳು 2009ರ ಮಾರ್ಚಿನಲ್ಲಿ ನಿಧನರಾದರು. ಅವರ ಪುನರ್ಜನ್ಮವೆಂದು ಗುರುತಿಸಲ್ಪಟ್ಟ ಪುಟ್ಟ ಬಾಲಕನಿಗೆ 2014ರಲ್ಲಿ ಅದೇ ಮಠದಲ್ಲಿ ಪೀಠಾರೋಹಣವಾಯಿತು.

ಎಲ್ಲ ಕಥೆಯೂ ಒಂದೇ ರೀತಿ ನಡೆಯುವುದಿಲ್ಲ. ಪಾಶ್ಚಾತ್ಯ ಶಿಷ್ಯರಿಗೆ ಧರ್ಮ ಕಲಿಸಿದ ಲಾಮಾ ಯೇಶೆ ಅವರು 1984ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಅವರೇ ಮತ್ತೆ ಹುಟ್ಟಿದರೆಂದು ಗುರುತಿಸಿದ್ದು 1985ರಲ್ಲಿ ಸ್ಪೇನ್ ದೇಶದಲ್ಲಿ ಹುಟ್ಟಿದ ಓಸೆಲ್ ಎಂಬ ಮಗುವನ್ನು. ಆ ಬಾಲಕ ಬೈಲಕುಪ್ಪೆಯ ಸೆರಾ ಮಠದಲ್ಲಿ ಓದಿದ. ಆದರೆ ಪ್ರಾಯಕ್ಕೆ ಬಂದ ಮೇಲೆ ಮಠ ಬಿಟ್ಟು ಹೋಗಿ ಮ್ಯಾಡ್ರಿಡ್ ನಗರದಲ್ಲಿ ಸಿನಿಮಾ ಶಿಕ್ಷಣ ಪಡೆದ. ಹಳೆಯ ಲೆಕ್ಕವನ್ನು ಹಿರಿಯರು ಎತ್ತಿ ಬರೆಯಬಹುದು. ಹೊಸ ಪುಟದಲ್ಲಿ ಏನು ಬರೆಯಬೇಕೆಂಬುದು ಹೊಸಬನ ಕೈಯಲ್ಲೇ ಇರುತ್ತದೆ ಎಂಬುದಕ್ಕೆ ಇದು ನಿದರ್ಶನ.

ಈಗ ಖಾಲಿ ಪೀಠದ ವಿಷಯಕ್ಕೆ ಬರೋಣ. ದಲೈ ಲಾಮಾ ಅವರ ನಂತರ ಟಿಬೇಟಿನಲ್ಲಿ ಅತಿ ದೊಡ್ಡ ಹೆಸರು ಪಂಚೆನ್ ಲಾಮಾ ಅವರದು. ಅವರ ಮಠ ಶಿಗಾತ್ಸೆ ಪಟ್ಟಣದ ತಾಶಿ ಲುಂಪೋ, 1447ರಲ್ಲಿ ಸ್ಥಾಪನೆಯಾದದ್ದು. ಆ ಮಠವನ್ನು ದೇಶಭ್ರಷ್ಟ ಭಿಕ್ಷುಗಳು 1972ರಲ್ಲಿ ಬೈಲಕುಪ್ಪೆಯಲ್ಲಿ ಮತ್ತೆ ಸ್ಥಾಪಿಸಿದರು. ಹತ್ತನೆಯ ಪಂಚೆನ್ ಲಾಮಾ 1989ರ ಜನವರಿ 28ರಂದು ಶಿಗಾತ್ಸೆಯಲ್ಲಿ ತೀರಿಕೊಂಡರು. 1995ರ ಮೇ 14ರಂದು ದಲೈ ಲಾಮಾ ಅವರು ಟಿಬೇಟಿನೊಳಗಿನ ಗೆಧುನ್ ಚೋಕಿ ನೀಮಾ ಎಂಬ ಆರು ವರ್ಷದ ಬಾಲಕನೇ ಹನ್ನೊಂದನೆಯವನೆಂದು ಸಾರಿದರು. ಮೂರು ದಿನ ಕಳೆಯುವಷ್ಟರಲ್ಲಿ ಚೀನಾದ ಅಧಿಕಾರಿಗಳು ಆ ಮಗುವನ್ನೂ ತಂದೆತಾಯಿಯರನ್ನೂ ಒಯ್ದರು. ಅಂದಿನಿಂದ ಆತ ಹೊರಗಿನವರ ಕಣ್ಣಿಗೆ ಬಿದ್ದಿಲ್ಲ. ಶೋಧದ ಹೊಣೆ ಹೊತ್ತಿದ್ದ ತಾಶಿ ಲುಂಪೋದ ಹಿರಿಯ ಲಾಮಾ ಸೆರೆಮನೆ ಸೇರಿದರು. ಅದೇ ವರ್ಷ ನವೆಂಬರಿನಲ್ಲಿ ಚಿನ್ನದ ಕಲಶದಿಂದ ಚೀಟಿ ಎತ್ತಿಸಿ ಬೇರೊಬ್ಬ ಬಾಲಕನನ್ನು ಚೀನಾ ಪಂಚೆನ್ ಲಾಮಾ ಎಂದು ಕೂರಿಸಿತು. ಒಯ್ದ ಬಾಲಕ ದೊಡ್ಡವನಾಗಿ ಪದವಿ ಪಡೆದು ಉದ್ಯೋಗದಲ್ಲಿದ್ದಾನೆಂದು 2020ರಲ್ಲಿ ಚೀನಾ ಹೇಳಿತು. ಮುಖ ಮಾತ್ರ ತೋರಿಸಲಿಲ್ಲ.

ಹೀಗಾಗಿ ಬೈಲಕುಪ್ಪೆಯ ತಾಶಿ ಲುಂಪೋ ತನ್ನ ಯಜಮಾನನನ್ನು ಕಾಣದ ಮಠ. ಪ್ರತಿ ಏಪ್ರಿಲ್ 25 ಆತನ ಹುಟ್ಟಿದ ದಿನ. ನಮ್ಮ ಬಸ್ಸು ಹತ್ತಿ ಬೆಂಗಳೂರು, ಮೈಸೂರು ದಾಟಿ ಒಂದು ದಿನದಲ್ಲಿ ತಲುಪಬಹುದಾದ ಊರಿನಲ್ಲಿ ಭಿಕ್ಷುಗಳು ಆರು ವರ್ಷದ ಮಗುವಿನ ಭಾವಚಿತ್ರವನ್ನೇ ಮುಂದಿಟ್ಟುಕೊಂಡು ಪ್ರಾರ್ಥಿಸುತ್ತಾರೆ. ಆ ಮಗು 1989ರಲ್ಲಿ ಹುಟ್ಟಿದ್ದು. ಈಗ ನಡುವಯಸ್ಸಿಗೆ ಹತ್ತಿರವಾಗುತ್ತಿರುವ ಗಂಡಸು.

ಚೀನಾಕ್ಕೆ ಏಕೆ ಇಷ್ಟು ಆಸಕ್ತಿ? ದೇವರನ್ನೂ ಪರಲೋಕವನ್ನೂ ನಂಬದ ಪಕ್ಷ ಅಲ್ಲಿ ಆಳುತ್ತಿದೆ. ಆದರೂ ಸರ್ಕಾರದ ಅನುಮತಿಯಿಲ್ಲದೆ ಯಾವ ಲಾಮಾನ ಪುನರ್ಜನ್ಮವೂ ಸಿಂಧುವಲ್ಲವೆಂದು 2007ರ ಸೆಪ್ಟೆಂಬರ್ 1ರಿಂದ ಅಲ್ಲಿ ನಿಯಮ ಜಾರಿಯಲ್ಲಿದೆ. ಹುಟ್ಟುವುದಕ್ಕೂ ಲೈಸೆನ್ಸು! ಕಾರಣ ನೇರವಾದದ್ದು. ಪಂಚೆನ್ ಲಾಮಾ ಎಂದು ಯಾರನ್ನು ಒಪ್ಪುತ್ತಾರೋ ಅವರ ಮಾತಿಗೆ ಮುಂದಿನ ದಲೈ ಲಾಮಾನನ್ನು ಗುರುತಿಸುವಾಗ ತೂಕವಿರುತ್ತದೆ. ಆ ದಲೈ ಲಾಮಾನ ಮಾತಿಗೆ ಟಿಬೇಟಿಗರೆಲ್ಲ ತಲೆಬಾಗುತ್ತಾರೆ. ಹೊಸ ಪುಟದ ಮೊದಲ ಸಾಲು ಬರೆಯುವ ಲೇಖನಿ ಯಾರ ಕೈಯಲ್ಲಿದೆಯೋ ಇಡೀ ಖಾತೆ ಅವರದು. ಬ್ಯಾಂಕಿನಲ್ಲಿ ಕೆಲಸ ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2025ರ ಜುಲೈ 2ರಂದು, ತಮಗೆ 90 ತುಂಬುವ ನಾಲ್ಕು ದಿನ ಮೊದಲು, ದಲೈ ಲಾಮಾ ಅವರು ತಮ್ಮ ಪೀಠ ಮುಂದುವರಿಯುವುದೆಂದೂ, ಮುಂದಿನವರನ್ನು ಗುರುತಿಸುವ ಅಧಿಕಾರ ತಮ್ಮ ಗಾದೆನ್ ಫೋದ್ರಾಂಗ್ ಟ್ರಸ್ಟಿಗೆ ಮಾತ್ರವೆಂದೂ ಪ್ರಕಟಿಸಿದರು. ಚಿನ್ನದ ಕಲಶವೂ ಕೇಂದ್ರ ಸರ್ಕಾರದ ಒಪ್ಪಿಗೆಯೂ ಬೇಕೆಂದು ಚೀನಾ ಉತ್ತರಿಸಿತು. ಮುಂದೆ ಇಬ್ಬರು ಬಾಲಕರು ಎರಡು ಪೀಠಗಳಲ್ಲಿ ಕೂರುವ ಸಂಭವವಿದೆ. ಆಗ ಕರ್ನಾಟಕದ ಈ ಮಠಗಳ ಸಾವಿರಾರು ಭಿಕ್ಷುಗಳು ಯಾರಿಗೆ ನಮಸ್ಕರಿಸುತ್ತಾರೆ ಎಂಬುದು ಸಣ್ಣ ವಿಷಯವಾಗುವುದಿಲ್ಲ.

ಕೇಳುಗ ಬಾಂಧವರೇ, ಒಂದೇ ನಂಬಿಕೆ ಎಷ್ಟು ಕೈಗಳಲ್ಲಿ ಎಷ್ಟು ಕೆಲಸ ಮಾಡಿತು ನೋಡಿ. ಬ್ರಹ್ಮಗಿರಿಯ ಬಂಡೆಯ ಮೇಲೆ ಅದು ಸಣ್ಣವನಿಗೂ ಬಾಗಿಲು ತೆರೆಯಿತು. ಊರ ಪಂಚಾಯಿತಿಯಲ್ಲಿ ಅದೇ ಸಣ್ಣವನ ಬಾಯಿ ಮುಚ್ಚಿಸಿತು. ಟಿಬೇಟಿನಲ್ಲಿ ಮಠಗಳನ್ನು ಶತಮಾನಗಳ ಕಾಲ ಕಾಪಾಡಿತು. ಅದಕ್ಕಾಗಿಯೇ ಆರು ವರ್ಷದ ಒಂದು ಮಗು ತನ್ನ ಬಾಲ್ಯವನ್ನು ಕಳೆದುಕೊಂಡಿತು. ಮುಂದಿನ ಜನ್ಮ ಇದೆಯೋ ಇಲ್ಲವೋ ಎಂಬುದನ್ನು ಅವರವರ ನಂಬಿಕೆಗೆ ಬಿಡೋಣ. ಆದರೆ ಇನ್ನು ಮುಂದೆ ಯಾರಾದರೂ ಕಷ್ಟ ಹೇಳಿಕೊಂಡು ಬಂದಾಗ 'ಪೂರ್ವಜನ್ಮದ ಕರ್ಮ' ಎನ್ನುವ ಮೊದಲು ಸಿವಕನಿಗೆ ಹೇಳಿದ ಎಂಟು ಕಾರಣಗಳಲ್ಲಿ ಉಳಿದ ಏಳನ್ನು ಒಮ್ಮೆ ವಿಚಾರಿಸೋಣ. ಬೈಲಕುಪ್ಪೆಗೆ ಹೋದಾಗ ಬಂಗಾರದ ಬುದ್ಧನನ್ನು ನೋಡಿದ ಮೇಲೆ ತಾಶಿ ಲುಂಪೋದ ಕಡೆಗೂ ಸ್ವಲ್ಪ ನಡೆದು, ಅಲ್ಲಿ ಯಾರಿಗಾಗಿ ಕಾಯುತ್ತಿದ್ದಾರೆಂದು ಮಕ್ಕಳಿಗೆ ಹೇಳೋಣ.